ವೈರಿನ ಆಲೆಮನೆ

ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಬಸ್ಸು ರೈಲ್ವೆ ಸ್ಟೇಷನ್ ದಾಟುತ್ತಿದ್ದ ಹಾಗೆ ಕಂಡಕ್ಟರು, "ವೈರಿನ ಆಲೆಮನೆ ಯಾರ್ರೀ? ಮುಂದಕ್ ಬನ್ನಿ" ಅಂತ ಕೂಗುತ್ತಾನೆ. ಬೆಳಿಗ್ಗೆ ಎಂಟೂವರೆ ಬಸ್ಸಾದರೆ ಅರ್ಧ ಬಸ್ಸು ಅಲ್ಲೇ ಇಳಿದುಬಿಡುತ್ತದೆ. ಇಳಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಹೆಗಲಿಗೆ ಊಟದ ಬ್ಯಾಗು, ಕೊರಳಲ್ಲಿ ಫೋಟೋ ಇರುವ ಕಾರ್ಡು. ರಸ್ತೆಯಾಚೆ ನೀಲಿ ಶೀಟು ಹೊದಿಸಿದ ಎರಡು ಉದ್ದನೆಯ ಕಟ್ಟಡಗಳಿವೆ. ಗೇಟಿನ ಮೇಲೆ 'ಸುನಂದನ್ ಕೇಬಲ್ಸ್' ಅಂತ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ. ಆ ಹೆಸರು ಮಾತ್ರ ಯಾರ ಬಾಯಲ್ಲೂ ನಿಂತಿಲ್ಲ. ಮೊದಲು ಅಲ್ಲಿ ಬೆಲ್ಲ ಬೇಯುತ್ತಿತ್ತು, ಈಗ ಆಸ್ಪತ್ರೆಯ ಮೆಷಿನ್ನಿಗೆ, ಇಂಟರ್‌ನೆಟ್ಟಿನ ಪೆಟ್ಟಿಗೆಗೆ ಬೇಕಾದ ಕೇಬಲ್ಲು ತಯಾರಾಗುತ್ತದೆ. ಜನ ಎರಡನ್ನೂ ಸೇರಿಸಿ ತಮಗೆ ಬೇಕಾದ ಹೆಸರಿಟ್ಟುಕೊಂಡರು.

ಅದನ್ನು ಕಟ್ಟಿದವಳು ಸುನಿತಾ. ಓದಿದ್ದು ಪಿಯುಸಿ. ಈಗ ನಲವತ್ತೆರಡು ವರ್ಷ. ನೂರಾ ಅರವತ್ತು ಜನಕ್ಕೆ ಕೆಲಸ ಕೊಟ್ಟಿದ್ದಾಳೆ. ಹೊಸಬರು ಯಾರಾದರೂ ಕಾರ್ಖಾನೆಗೆ ಬಂದು "ಮೇಡಂ ಎಲ್ಲಿ?" ಅಂತ ಕೇಳಿದರೆ, ಬೆಂಚಿನ ಮುಂದೆ ಕೂತು ಭೂತಗನ್ನಡಿಯಲ್ಲಿ ವೈರಿನ ತುದಿ ನೋಡುತ್ತಿರುವ ಐವತ್ತು ಹೆಂಗಸರ ನಡುವೆ ಅವಳನ್ನು ಹುಡುಕಿಕೊಳ್ಳಬೇಕು.

ಸುನಿತಾ ಹುಟ್ಟಿದ್ದು ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನಲ್ಲಿ. ಅವಳ ಅಪ್ಪ ಪುಟ್ಟಸ್ವಾಮಿ ಆಚಾರ್ರು ಅಕ್ಕಸಾಲಿಗರು. ಲಕ್ಷ್ಮೀನಾರಾಯಣ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಅವರ ಮನೆ; ಜಗಲಿಯ ಮೇಲೆ ಅಗ್ಗಿಷ್ಟಿಕೆ, ಚಿಮಟ, ಊದುಕೊಳವೆ. ಸುತ್ತಲಿನ ಹತ್ತು ಹಳ್ಳಿಯ ಓಲೆ, ತಾಳಿ, ಮೂಗುಬೊಟ್ಟು ಅಲ್ಲೇ ಆಗಬೇಕಿತ್ತು. ಸುನಿತಾಗೆ ಹದಿನೈದು ತುಂಬುವ ಹೊತ್ತಿಗೆ ಅಪ್ಪನ ಕಣ್ಣು ಮಂಜಾಯಿತು. ಸಾಸಿವೆಯಷ್ಟು ಗಾತ್ರದ ಗುಂಡುಗಳನ್ನು ಸಾಲಾಗಿ ಬೆಸೆಯುವ ಕೆಲಸ ಇನ್ನು ಅವರ ಕೈಲಾಗುವಂತಿರಲಿಲ್ಲ. ಗಂಡುಮಕ್ಕಳಿರಲಿಲ್ಲ. ಒಂದು ದಿನ ಮಗಳನ್ನು ಕರೆದು ಊದುಕೊಳವೆ ಕೈಗೆ ಕೊಟ್ಟರು.

"ಬೆಸುಗೆ ಅಂದ್ರೆ ಅಂಟು ಅಚ್ಚೋದಲ್ಲ ಕಣವ್ವ. ಎರಡು ಕಡೆ ಲೋಹನೂ ಸಮ ಕಾಯ್ಬೇಕು. ಆಗ ಬೆಸುಗೆ ತಾನೇ ದಾರಿ ನೋಡ್ಕೊಂಡು ಓಡ್ತದೆ. ನೀನು ತಳ್ಳಕ್ಕೆ ಓಗ್ಬೇಡ."

ಜೊತೆಗೆ ಇನ್ನೊಂದು ಮಾತೂ ಹೇಳಿದರು. "ಇದ್ನ ನೀನು ಮಾಡಿದ್ದು ಅಂತ ಯಾರ್ಗೂ ಏಳ್ಬೇಡ. ಎಣ್ಣುಡುಗಿ ಕೈಲಿ ತಾಳಿ ಮಾಡಿಸ್ತಾವ್ರೆ ಅಂದ್ರೆ ಜನ ಬರಕಿಲ್ಲ."

ಅವಳು ಹೇಳಲಿಲ್ಲ. ಏಳು ವರ್ಷ ನಡುಮನೆಯಲ್ಲಿ ಕೂತು ಬೆಸೆದಳು. ಗಿರಾಕಿಗಳು ಜಗಲಿಯ ಮೇಲೆ ಕೂತು, "ಆಚಾರ್ರೇ, ವಯಸ್ಸಾಯ್ತಾ ಬಂದಂಗೆ ನಿಮ್ಮ ಕೈ ಇನ್ನೂ ಚೂಪಾಯ್ತದೆ" ಅಂತ ಹೊಗಳಿ ಹೋಗುತ್ತಿದ್ದರು. ಒಳಗೆ ಅವಳಿಗೆ ನಗು ಬರುತ್ತಿತ್ತು. ಒಮ್ಮೊಮ್ಮೆ ನಗು ಬರುತ್ತಿರಲಿಲ್ಲ.

ಅಷ್ಟರಲ್ಲಿ ಕೆ.ಆರ್. ಪೇಟೆಯಲ್ಲಿ ಗಾಜಿನ ಬಾಗಿಲಿನ ಒಡವೆ ಅಂಗಡಿಗಳು ಬಂದವು. ಮಾಡಿಸುವವರು ಕಡಿಮೆಯಾಗಿ ಕೊಳ್ಳುವವರು ಹೆಚ್ಚಾದರು. ಜಗಲಿಗೆ ಬರುವುದು ಕಿತ್ತುಹೋದ ಸರ, ಸಡಿಲಾದ ತಿರುಪು ಅಷ್ಟೇ ಆಯಿತು. ಇಪ್ಪತ್ತೆರಡನೇ ವರ್ಷದಲ್ಲಿ ಸುನಿತಾಗೆ ಮದುವೆಯಾಯಿತು. ಗಂಡ ರಘುನಂದನ್ ನಾಗಮಂಗಲದವನು. ಅವನ ಮನೆಯವರು ಹಿತ್ತಾಳೆ ಎರಕ ಹೊಯ್ಯುವವರು, ಇವನು ಮಾತ್ರ ಐಟಿಐ ಮಾಡಿ ಪಾಂಡವಪುರದ ಕೇಬಲ್ ಟಿ.ವಿ. ಆಫೀಸಿನಲ್ಲಿ ಕೆಲಸಕ್ಕಿದ್ದ. ಕಂಬ ಹತ್ತುವುದು, ವೈರು ಎಳೆಯುವುದು, ಬೈಸಿಕೊಳ್ಳುವುದು, ಇವು ಮೂರೂ ಅವನ ಕೆಲಸ.

ಎರಡು ಸಾವಿರದ ಹನ್ನೊಂದರ ಮಳೆಗಾಲ ಬೈಗುಳ ವಿಪರೀತವಾಯಿತು. ಆ ಆಫೀಸು ಹಳ್ಳಿಗಳಿಗೆ ಇಂಟರ್‌ನೆಟ್ ಕೊಡುವುದಕ್ಕೆ ಕುಂತಿ ಬೆಟ್ಟದ ಕಡೆ ಒಂದು ಟವರು ನಿಲ್ಲಿಸಿ ಸುತ್ತಲೂ ಡಿಶ್ಶುಗಳನ್ನು ಕಟ್ಟಿತ್ತು. ಡಿಶ್ಶಿನಿಂದ ರೇಡಿಯೋ ಪೆಟ್ಟಿಗೆಗೆ ಹೋಗುವ ಮೊಳದುದ್ದದ ಕೇಬಲ್ಲು ಎರಡು ಮಳೆ ಬಿದ್ದರೆ ಸಾಕು, ಕೈಕೊಡುತ್ತಿತ್ತು. ರಘುನಂದನ್ ವಾರಕ್ಕೆ ಮೂರು ಸಲ ಟವರು ಹತ್ತುತ್ತಿದ್ದ. ಒಂದು ಮಧ್ಯಾಹ್ನ ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದು ಕೆಟ್ಟ ಕೇಬಲ್ಲನ್ನು ಅಡುಗೆಮನೆ ಕಟ್ಟೆಯ ಮೇಲೆ ಎಸೆದ.

ಸುನಿತಾ ತರಕಾರಿ ಹೆಚ್ಚುವುದು ಬಿಟ್ಟು ಅದನ್ನು ಎತ್ತಿಕೊಂಡಳು. ತುದಿಯ ಹಿತ್ತಾಳೆ ಗೂಡನ್ನು ತಿರುಪಿ ಬಿಚ್ಚಿ, ಒಳಗಿನ ಸಣ್ಣ ಪಿನ್ನನ್ನು ಉಗುರಿನಿಂದ ತಟ್ಟಿದಳು. ಪಿನ್ನು ಕೈಗೇ ಬಂತು.

"ಇದ್ಕೆ ಬೆಸುಗೆ ಅಂತಾರಾ? ಇದು ಉಗುಳು ಅಚ್ಚಿರೋದು" ಅಂದಳು.

"ದೊಡ್ಡ ಕಂಪ್ನಿ ಮಾಲು ಕಣೇ ಅದು" ಅಂದ ರಘುನಂದನ್.

"ಯಾವ್ ಕಂಪ್ನಿನಾದ್ರೂ ಇರ್ಲಿ. ಪಿನ್ನು ಕಾದಿಲ್ಲ, ತಂತಿ ಕಾದಿಲ್ಲ. ನಿಮ್ ಕಾವು ಕಡ್ಡಿ ತತ್ತೀರಾ?"

ಅವನು ತನ್ನ ಚೀಲದಿಂದ ಸಾಲ್ಡರಿಂಗ್ ಕಡ್ಡಿ ತೆಗೆದುಕೊಟ್ಟ. ಅವಳು ಮೊದಲು ಎರಡು ಹಾಳುಮಾಡಿದಳು, ಮೂರನೆಯದು ಕೂತಿತು. ಪಿನ್ನಿನ ಬಾಯಲ್ಲಿ ಬೆಸುಗೆ ಕನ್ನಡಿಯ ಹಾಗೆ ಹೊಳೆಯಿತು. ಆ ವಾರ ಹನ್ನೆರಡು ಕೇಬಲ್ಲು ಮಾಡಿಕೊಟ್ಟಳು. ಮಳೆನೀರು ಒಳಗೆ ಇಳಿಯದ ಹಾಗೆ ತುದಿಗೆ ರಬ್ಬರು ಹೊದಿಕೆ ಹಾಕಿ, ಬಿಸಿಗಾಳಿಯಿಂದ ಬಿಗಿದಳು. ಹನ್ನೆರಡನ್ನೂ ರಘುನಂದನ್ ಟವರಿಗೆ ಕಟ್ಟಿ ಬಂದ. ಆ ಮಳೆಗಾಲ ಮುಗಿಯುವ ತನಕ ಅವನು ಮತ್ತೆ ಆ ಟವರು ಹತ್ತಲಿಲ್ಲ.

ಅಕ್ಟೋಬರಿನಲ್ಲಿ ಕೆ.ಆರ್. ಪೇಟೆಯಲ್ಲಿ ಇದೇ ಕಸುಬು ಮಾಡುವ ಲೋಕೇಶ್ ಅನ್ನುವವನು ಹುಡುಕಿಕೊಂಡು ಬಂದ. "ಲೇ ರಘು, ನಂದು ಏಳು ಡಿಶ್ಶು ಮಲ್ಗವೆ ಕಣ್ಲಾ. ನಿಂದು ಒಂದೂ ಮಲ್ಗಿಲ್ಲ. ಆ ವೈರು ಎಲ್ ತರಿಸ್ದೆ, ನಿಜ ಏಳ್ಬುಡು."

ರಘುನಂದನ್ ಒಂದು ಕ್ಷಣವೂ ಯೋಚಿಸದೆ, "ತರಿಸಿದ್ದಲ್ಲ ಕಣ್ಲಾ, ನನ್ನೆಂಡ್ರು ಮಾಡಿದ್ದು" ಅಂದ. ಒಳಗಿದ್ದ ಸುನಿತಾ ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಹಿಡಿದು ನಿಂತಳಂತೆ. ತಾನು ಮಾಡಿದ ಕೆಲಸಕ್ಕೆ ತನ್ನ ಹೆಸರು ಹೊರಗಿನವರ ಮುಂದೆ ಬಿದ್ದದ್ದು ಅದೇ ಮೊದಲು.

ಲೋಕೇಶ್ ನಲವತ್ತು ಕೇಬಲ್ಲು ಬೇಕೆಂದ. ಅವನ ಬಾಯಿಂದ ಸುದ್ದಿ ನಾಗಮಂಗಲಕ್ಕೆ ಹೋಯಿತು, ಶ್ರೀರಂಗಪಟ್ಟಣಕ್ಕೆ ಹೋಯಿತು. ಎರಡು ವರ್ಷದಲ್ಲಿ ಅಡುಗೆಮನೆ ಸಾಲದಾಯಿತು. ಸಾರಿಗೆ ಒಗ್ಗರಣೆ ಹಾಕಬೇಕಾದರೆ ವೈರಿನ ಸುರುಳಿ ದಾಟಿಕೊಂಡು ಹೋಗಬೇಕು. ರಘುನಂದನ್ ಕೆಲಸ ಬಿಟ್ಟು ಹೆಂಡತಿಯ ಜೊತೆ ನಿಂತ. ಸಾಮಾನು ತರುವುದು, ಮಾರುವುದು ಅವನದು. ಮಾಡುವುದು, ಪರೀಕ್ಷೆ ಮಾಡುವುದು ಅವಳದು. ಇಬ್ಬರ ಹೆಸರಿನ ತುಂಡು ಸೇರಿಸಿ ಸುನಂದನ್ ಅಂತ ರಿಜಿಸ್ಟರ್ ಮಾಡಿಸಿದರು.

ಜಾಗ ಸಿಕ್ಕಿದ್ದು ದ್ಯಾವಯ್ಯನ ಆಲೆಮನೆಯಲ್ಲಿ. ದ್ಯಾವಯ್ಯ ಕಬ್ಬು, ಭತ್ತ ಬೆಳೆಯುವ ರೈತ. ಕಬ್ಬನ್ನು ನೇರ ಸಕ್ಕರೆ ಕಾರ್ಖಾನೆಗೆ ಕಳಿಸಲು ಶುರುಮಾಡಿ, ಬೆಲ್ಲ ತೆಗೆಯುವುದನ್ನು ನಿಲ್ಲಿಸಿದ್ದ. ಶೆಡ್ಡು ಖಾಲಿ ಬಿದ್ದಿತ್ತು. ಕೊಪ್ಪರಿಗೆ ಕೂರಿಸುತ್ತಿದ್ದ ಒಲೆಯ ಗುಂಡಿಯ ಮೇಲೆ ಹಲಗೆ ಜೋಡಿಸಿ, ಅದನ್ನೇ ಮೊದಲ ಬೆಂಚು ಮಾಡಿಕೊಂಡರು. ಇಬ್ಬರು ಹುಡುಗಿಯರು ಕೆಲಸಕ್ಕೆ ಬಂದರು.

ಮೂರನೇ ದಿನ ಇರುವೆ ಬಂದವು. ಮೂವತ್ತು ವರ್ಷ ಬೆಲ್ಲದ ಆವಿ ಕುಡಿದ ಗೋಡೆ, ಸುಮ್ಮನಿರುತ್ತದೆಯೇ? ಕೆಂಪಿರುವೆ ಸಾಲು ಗೋಡೆಯಿಂದ ಬೆಂಚಿಗೆ, ಬೆಂಚಿನಿಂದ ಕನೆಕ್ಟರಿನ ಒಳಕ್ಕೆ. ಬೆಸುಗೆ ಹಾಕಿದರೆ ಇರುವೆಯೂ ಸೇರಿ ಬೇಯುತ್ತಿತ್ತು. ಪುಡಿ ಹಾಕಿದರು, ಎಣ್ಣೆ ಸವರಿದರು, ಒಂದೂ ನಾಟಲಿಲ್ಲ. ನಾಲ್ಕನೇ ದಿನ ದ್ಯಾವಯ್ಯನ ಹೆಂಡತಿ ಮೂಗಮ್ಮ ಹಸುವಿಗೆ ಹುಲ್ಲು ತರಲು ಬಂದವಳು ಬಾಗಿಲಲ್ಲಿ ನಿಂತು ನೋಡಿದಳು.

"ಇರ್ವೆ ಜೊತೆ ಜಗಳ ಆಡಿ ಗೆದ್ದೋರು ಯಾರವ್ವ? ಅವ್ಕೆ ಬೇರೆ ಮನೆ ತೋರಿಸ್ಬೇಕು" ಅಂದಳು.

ಅವಳೇ ಮೂರು ಹಂಡೆ ಬಿಸಿನೀರು ಕಾಯಿಸಿ ಗೋಡೆ ತೊಳೆಸಿದಳು, ಸುಣ್ಣ ಹೊಡೆಸಿದಳು. ಆಚೆ ಹುಣಸೆಮರದ ಬುಡದಲ್ಲಿ ಎರಡು ಅಚ್ಚು ಬೆಲ್ಲ ಇಟ್ಟಳು. ಮೂರು ದಿನದಲ್ಲಿ ಸಾಲು ದಿಕ್ಕು ಬದಲಿಸಿತು. ಇರುವೆ ಹೋದವು. ಮೂಗಮ್ಮ ಹೋಗಲಿಲ್ಲ. ದಿನಾ ಡೈರಿಗೆ ಹಾಲು ಹಾಕಿ ಬಂದು ಬೆಂಚಿನ ಪಕ್ಕ ನಿಂತು ಸುನಿತಾಳ ಕೈಯನ್ನೇ ನೋಡುತ್ತಿದ್ದಳು. ಹತ್ತನೇ ದಿನ ಕೇಳಿದಳು: "ನಂಗೂ ಒಂದ್ ಕಡ್ಡಿ ಕೊಡವ್ವ. ನೋಡ್ತೀನಿ."

ಆಗ ಮೂಗಮ್ಮನಿಗೆ ನಲವತ್ತಾರು. ಸಹಿ ಮಾಡಲು ಬರುತ್ತಿತ್ತು, ಅದಕ್ಕಿಂತ ಹೆಚ್ಚಿಗೆ ಓದು ಬರುತ್ತಿರಲಿಲ್ಲ. ಆದರೆ ಹಾಲು ಕರೆದ ಬೆರಳು. ಬಿಗಿ ಎಷ್ಟು, ಸಡಿಲ ಎಷ್ಟು ಅಂತ ಅದಕ್ಕೆ ಗೊತ್ತಿತ್ತು. ಒಂದೇ ತಿಂಗಳಲ್ಲಿ ಇಬ್ಬರು ಹುಡುಗಿಯರನ್ನೂ ದಾಟಿದಳು. ಊರಲ್ಲಿ ಮಾತು ಎದ್ದಿತು. ನೀರಿನ ಟ್ಯಾಂಕಿನ ಹತ್ತಿರ ಒಬ್ಬ ಮುದುಕ ದ್ಯಾವಯ್ಯನನ್ನು ತಡೆದು, "ಏನ್ಲಾ, ಜಾಗದ ಯಜಮಾನಿ ಬಾಡಿಗೆಗೆ ಬಂದೋರ ಕೈಕೆಳ್ಗೆ ಕೂಲಿಗಾ? ಅದೂ ಗೌಡ್ರ ಮನೆ ಎಂಗ್ಸು, ಆಚಾರ್ರ ಉಡುಗಿ ಮುಂದೆ?" ಅಂದ. ದ್ಯಾವಯ್ಯ ಮುಖ ಊದಿಸಿಕೊಂಡು ಮನೆಗೆ ಬಂದು ಹೆಂಡತಿಗೆ ಅದನ್ನೇ ಒಪ್ಪಿಸಿದ.

ಮೂಗಮ್ಮ ಹಿಂಡಿ ಕಲಸುತ್ತಲೇ ಉತ್ತರ ಕೊಟ್ಟಳು. "ಕೈಕೆಳ್ಗಲ್ಲ, ಪಕ್ದಲ್ಲಿ ಕೂತಿವ್ನಿ. ಅವ್ಳು ಕಲ್ಸ್ತಾವ್ಳೆ, ನಾನು ಕಲೀತಾವ್ನಿ. ಬೇಕಾದ್ರೆ ನೀನೂ ಬಂದು ಕೂತ್ಕೊ, ಬೆಂಚು ಉದ್ದಕ್ಕೈತೆ."

ದ್ಯಾವಯ್ಯ ಬಂದು ಕೂರಲಿಲ್ಲ. ಮತ್ತೆ ಆ ಮಾತೂ ಎತ್ತಲಿಲ್ಲ.

ಎರಡು ಸಾವಿರದ ಹದಿನೇಳರಲ್ಲಿ ಮೈಸೂರಿನ ಒಂದು ಕಂಪನಿಯಿಂದ ಕರೆ ಬಂತು. ಅವರು ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆ ಪಕ್ಕ ಇಡುವ ಮಾನಿಟರು ಮಾಡುವವರು. ಎದೆ ಬಡಿತವನ್ನು ಗೆರೆಯಾಗಿ ತೋರಿಸುವ ಪೆಟ್ಟಿಗೆ. ಎದೆಗೆ ಅಂಟಿಸುವ ವೈರಿನ ಕೇಬಲ್ಲು ಬೇಕಿತ್ತು. ಪರೀಕ್ಷೆಗೆ ಮೊದಲು ಆರುನೂರು. ಯಾವ ಪಿನ್ನು ಹಾಕಬೇಕು, ಯಾರ ಹತ್ತಿರ ಕೊಳ್ಳಬೇಕು ಅನ್ನುವುದನ್ನೂ ಅವರೇ ಬರೆದುಕೊಟ್ಟಿದ್ದರು. ಬೆವರಿಗೂ ನೀರಿಗೂ ಕಿಲುಬು ಹಿಡಿಯಬಾರದು ಅಂತ ಚಿನ್ನದ ಲೇಪ ಇರುವ ಪಿನ್ನು. ಆಗ ಶೆಡ್ಡಿನಲ್ಲಿ ಹದಿನೆಂಟು ಜನ. ಇಪ್ಪತ್ತು ದಿನದಲ್ಲಿ ಆರುನೂರೂ ಮುಗಿದವು. ಕಂಪನಿಯವರು ಕೊಟ್ಟಿದ್ದ ಮೀಟರಿಗೆ ಹಾಕಿದರೆ ಎಲ್ಲವೂ ಪಾಸು.

ಸುನಿತಾಗೆ ಮಾತ್ರ ಸಮಾಧಾನವಿಲ್ಲ. ಕೊನೆಯ ಚೀಲದ ಪಿನ್ನುಗಳ ಮೇಲೆ ಬೆಸುಗೆ ಕಾಲೆಳೆಯುತ್ತಾ ಓಡಿದ ಹಾಗೆ ಅನ್ನಿಸಿತ್ತು. ಬಣ್ಣವೂ ಸ್ವಲ್ಪ ಜಾಸ್ತಿಯೇ ಹಳದಿ. ನಾಲ್ಕು ಪಿನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದಳು. ಚಿನಕುರಳಿ ಮೇಲೆ ಕೆ.ಆರ್. ಪೇಟೆ, ಅಲ್ಲಿಂದ ಆಟೋದಲ್ಲಿ ಹೊಸಹೊಳಲು.

ಅಪ್ಪ ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ಪಿನ್ನನ್ನು ಬೆರಳ ತುದಿಯಲ್ಲಿ ಹೊರಳಿಸಿ, "ಒರೆಗಲ್ಲು ತತ್ತಾ" ಅಂದರು. ತಾವೇ ಉಜ್ಜಿದರು. ಕಣ್ಣು ಕಾಣದ ಕಾರಣ ಮಗಳಿಗೆ ದ್ರಾವಕ ಬಿಡಲು ಹೇಳಿ, "ಗೆರೆ ಏನಾಯ್ತು?" ಅಂತ ಕೇಳಿದರು.

"ನೊರೆ ಬಂತು. ಹಸಿರಾಯ್ತು. ಈಗ ಏನೂ ಇಲ್ಲಪ್ಪ."

"ಅಂಗಾದ್ರೆ ಇದು ಬಂಗಾರ ಅಲ್ಲ ಕಣವ್ವ, ಬಂಗಾರದ ಬಣ್ಣ. ಇದ್ನ ಎಲ್ಲಿಗಾಕ್ತೀಯಾ?"

"ಆಸ್ಪತ್ರೆ ಮೆಷಿನ್ಗೆ."

ಮುದುಕರು ಒರೆಗಲ್ಲನ್ನು ಬಟ್ಟೆಯಲ್ಲಿ ಸುತ್ತಿ, ದ್ರಾವಕದ ಶೀಶೆಯ ಜೊತೆ ಅವಳ ಕೈಗಿಟ್ಟರು. "ತಕ್ಕೊಂಡೋಗು. ಬಾಯಲ್ಲಿ ಏಳಿದ್ರೆ ನಂಬಕಿಲ್ಲ ಅವ್ರು."

ಮನೆಯಲ್ಲಿ ರಘುನಂದನ್ ತಲೆ ಹಿಡಿದುಕೊಂಡು ಕೂತ. "ಅವ್ರೇ ಏಳಿದ ಪಿನ್ನು. ಅವ್ರ ಮೀಟರ್ನಾಗೆ ಪಾಸಾಗೈತೆ. ನಾವ್ಯಾಕೆ ಬಾಯಿ ಬುಡ್ಬೇಕು? ಎಷ್ಟು ವರ್ಷಕ್ಕೆ ಇಂಥ ಆರ್ಡರ್ ಬಂದೈತೆ ಗೊತ್ತಾ?"

"ಗೊತ್ತು" ಅಂದಳು ಸುನಿತಾ. "ಯಾರೋ ಮಲ್ಗಿರ್ತಾರೆ. ನಾಡಿ ನಿಂತ್ರೂ ಗೆರೆ ಓಡ್ತಿರೋ ಅಂಗೆ ತೋರ್ಸುದ್ರೆ? ನಡೀತಿರೋದು ನಿಂತಂಗೆ ತೋರ್ಸುದ್ರೆ? ನಾನು ಕಳ್ಸಲ್ಲ ಕಣ್ರೀ."

ರಘುನಂದನ್ ಎದ್ದು ಗೋಡೆಯ ಮೊಳೆಯಿಂದ ಶರಟು ತೆಗೆದುಕೊಂಡ. ಆಮೇಲೆ, "ಸರಿ, ನಡಿ. ನಾನೂ ಬತ್ತೀನಿ" ಅಂದ.

ದ್ರಾವಕದ ಶೀಶೆಯನ್ನು ಬಟ್ಟೆಯಲ್ಲಿ ಸುತ್ತಿ, ಸ್ಟೀಲಿನ ಟಿಫನ್ ಡಬ್ಬಿಯಲ್ಲಿಟ್ಟು ಗಂಡಹೆಂಡತಿ ಮೈಸೂರಿಗೆ ಹೋದರು. ಕಂಪನಿಯಲ್ಲಿ ಗುಣಮಟ್ಟ ನೋಡಿಕೊಳ್ಳುವ ಇಂಜಿನಿಯರು ಮೋಹನ್ ಕುಮಾರ್ ಅಂತ, ಮೂವತ್ತೈದರ ವಯಸ್ಸು. "ರಿಪೋರ್ಟ್ ಎಲ್ಲಾ ಚೆನ್ನಾಗಿದೆಯಲ್ಲ ಮೇಡಂ, ಮಾಲು ಕಳಿಸಿ" ಅಂದರು.

ಸುನಿತಾ ಅವರ ಮೇಜಿನ ಮೇಲಿನ ಲ್ಯಾಪ್‌ಟಾಪನ್ನು ಆಚೆ ಸರಿಸಿ ಕಪ್ಪು ಕಲ್ಲನ್ನು ಇಟ್ಟಳು. ತನ್ನ ಕಿವಿಯ ಓಲೆ ಬಿಚ್ಚಿ ಒಂದು ಗೆರೆ ಎಳೆದಳು. ಮೊದಲ ಚೀಲದ ಪಿನ್ನಿನಿಂದ ಒಂದು, ಕೊನೆಯ ಚೀಲದ ಪಿನ್ನಿನಿಂದ ಒಂದು. ಮೂರರ ಮೇಲೂ ಗಾಜುಕಡ್ಡಿಯಲ್ಲಿ ದ್ರಾವಕ ಸವರಿದಳು. ಓಲೆಯ ಗೆರೆ ಹಾಗೇ ಹೊಳೆಯಿತು. ಮೊದಲ ಪಿನ್ನಿನ ಗೆರೆ ತೆಳ್ಳಗಾಯಿತು, ಆದರೂ ನಿಂತಿತು. ಮೂರನೆಯದು ಕುದಿದು ಹಸಿರಾಗಿ ಮಾಯವಾಯಿತು.

ಮೋಹನ್ ಕುಮಾರ್ ಎದ್ದು ನಿಂತುಬಿಟ್ಟಿದ್ದರು. "ಇನ್ನೊಂದ್ ಸಲ ಮಾಡಿ" ಅಂದರು. ಮಾಡಿದಳು. ಮತ್ತೂ ಒಂದು ಸಲ ಮಾಡಿಸಿದರು.

"ಇವತ್ತು ನಿಮ್ಮ ಮೀಟರ್‌ನಲ್ಲಿ ಪಾಸಾಗ್ತದೆ ಸರ್, ಹೊಸದಲ್ವಾ. ಆರು ತಿಂಗಳು ಬೆವರು ತಾಗ್ಲಿ, ಕಿಲುಬು ಹಿಡೀತದೆ. ಆಗ ಗೆರೆ ನಂಬೋ ಹಾಗಿಲ್ಲ" ಅಂದಳು ಸುನಿತಾ.

ಅವರು ಪಿನ್ನುಗಳನ್ನು ಪ್ರಯೋಗಾಲಯಕ್ಕೆ ಕಳಿಸುತ್ತೇವೆ, ಅಲ್ಲಿಯವರೆಗೆ ಏನೂ ಕಳಿಸಬೇಡಿ ಅಂದರು. ಹನ್ನೊಂದು ದಿನ ಸುದ್ದಿ ಇಲ್ಲ. ಆರುನೂರು ಕೇಬಲ್ಲಿನ ಪೆಟ್ಟಿಗೆಗಳು ಶೆಡ್ಡಿನ ಮೂಲೆಯಲ್ಲಿ ಕೂತಿದ್ದವು. ಹೆಂಗಸರು ತಂದ ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ. ಮೂಗಮ್ಮ ಒಬ್ಬಳೇ, "ಸುಳ್ಳು ಏಳಿದ್ರೆ ಎದ್ರಬೇಕು. ನಾವೇನ್ ಸುಳ್ಳೇಳಿದ್ವಾ? ಊಟ ಮಾಡ್ರವ್ವ" ಅಂತ ಮಜ್ಜಿಗೆ ಹಂಚುತ್ತಿದ್ದಳು.

ಹನ್ನೆರಡನೇ ದಿನ ಬೆಳಿಗ್ಗೆ ಮೋಹನ್ ಕುಮಾರ್ ಫೋನು ಮಾಡದೆ ತಾವೇ ಕಾರಿನಲ್ಲಿ ಬಂದಿಳಿದರು. ಆಲೆಮನೆಯ ಒಲೆ, ಅದರ ಮೇಲಿನ ಹಲಗೆ, ಸುಣ್ಣದ ಗೋಡೆ ಎಲ್ಲವನ್ನೂ ನೋಡಿ ಕೊನೆಗೆ ಬೆಂಚಿನ ತುದಿಯಲ್ಲಿ ಕೂತರು. ಪ್ರಯೋಗಾಲಯದವರು ಅವಳ ಕಲ್ಲು ಹೇಳಿದ್ದನ್ನೇ ಹೇಳಿದ್ದರು. ಪಿನ್ನು ಕೊಟ್ಟವರನ್ನು ಕಂಪನಿ ಕೈಬಿಟ್ಟಿತ್ತು. ಆ ಪಿನ್ನಿನ ಕೇಬಲ್ಲನ್ನೆಲ್ಲ ತಮ್ಮ ಖರ್ಚಿನಲ್ಲೇ ಒಡೆದುಹಾಕುವುದಾಗಿ ಹೇಳಿದರು. "ಮುಂದಿನ ಆರ್ಡರ್ ಐದು ಸಾವಿರ. ಪಿನ್ನನ್ನ ನೀವೇ ಆರಿಸಿ ಕೊಳ್ಳಿ. ಇನ್ನೊಂದು ಕೇಳ್ಲಾ? ನಮ್ಮ ಇಬ್ಬರು ಇನ್‌ಸ್ಪೆಕ್ಟರ್‌ಗಳಿಗೆ ಈ ಕಲ್ಲಿನ ವಿದ್ಯೆ ಹೇಳಿಕೊಡ್ಬೇಕು."

ಬೆಂಚಿನ ಆ ತುದಿಯಿಂದ ಈ ತುದಿಯವರೆಗೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಚಪ್ಪಾಳೆ ತಟ್ಟಿದರು, ನಿಲ್ಲಲಿಲ್ಲ ಅದು. ರಘುನಂದನ್ ಹುಣಸೆಮರದ ಕಡೆ ಹೋಗಿ ಕಣ್ಣು ಒರೆಸಿಕೊಂಡು ಬಂದ.

"ಕಲಿಸೋರು ನಾನಲ್ಲ ಸರ್, ನಮ್ಮಪ್ಪ" ಅಂದಳು ಸುನಿತಾ.

ಹಾಗಾಗಿ ಮುಂದಿನ ವಾರ ಪ್ಯಾಂಟು ಶರಟಿನ ಇಬ್ಬರು ಇನ್‌ಸ್ಪೆಕ್ಟರುಗಳು ಹೊಸಹೊಳಲಿನ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಬೀದಿಯವರೆಲ್ಲ ಸೇರಿದರು. ಎಪ್ಪತ್ತಾರು ವರ್ಷದ ಪುಟ್ಟಸ್ವಾಮಿ ಆಚಾರ್ರು ಒಗೆದ ಪಂಚೆ ಉಟ್ಟು, ಕಲ್ಲಿನ ಮೇಲೆ ಎಷ್ಟು ಒತ್ತಬೇಕು, ಎಷ್ಟು ಹೊತ್ತು ಕಾಯಬೇಕು ಅಂತ ಮೂರು ಗಂಟೆ ಪಾಠ ಮಾಡಿದರು. ಕೊನೆಗೆ ಕಾಫಿ ಕುಡಿಯುವಾಗ ಇನ್‌ಸ್ಪೆಕ್ಟರುಗಳಲ್ಲಿ ಒಬ್ಬ, "ನಿಮ್ಮ ಬೆಸುಗೆ ಈ ಕಡೆ ಬಹಳ ಹೆಸರುವಾಸಿಯಂತೆ" ಅಂದ. ಮುದುಕರು ಲೋಟ ಕೆಳಗಿಟ್ಟು ಬೀದಿಯವರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು.

"ಅದು ನಂದಲ್ಲ. ಏಳು ವರ್ಷ ಈ ಊರ್ನ ಎಣ್ಮಕ್ಕಳ ಕೊಳ್ಗೆ ಬಿದ್ದ ತಾಳಿಗೆಲ್ಲಾ ಬೆಸುಗೆ ಆಕಿದ್ದು ನನ್ ಮಗ್ಳು. ನಾನು ಎದ್ರಿ ಏಳಿರ್ಲಿಲ್ಲ. ಈಗ ಏಳ್ತಾ ಇವ್ನಿ, ಕೇಳ್ಕೊಳ್ಳಿ."

ಗುಂಪಿನಲ್ಲಿ ಮಾದಮ್ಮ ಅನ್ನುವ ಹೆಂಗಸು ತನ್ನ ತಾಳಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. "ಹದಿನೆಂಟು ವರ್ಷ ಆಯ್ತು, ಒಂದ್ ಗುಂಡು ಉದುರಿಲ್ಲ ಕಣವ್ವ" ಅಂದಳು. ಸುನಿತಾ ಕಂಬಕ್ಕೆ ಒರಗಿ ನಿಂತಿದ್ದಳು. ಮುಂದೆ ಬಂದು ಆ ತಾಳಿಯ ಗುಂಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

ಆಮೇಲಿನದು ಬೆಳವಣಿಗೆಯ ಕಥೆ, ಓಡಿಕೊಂಡೇ ಬಂತು. ಐದು ಸಾವಿರ ಹತ್ತಾಯಿತು. ಆಲೆಮನೆ ಪಕ್ಕದ ಜಾಗವನ್ನೂ ದ್ಯಾವಯ್ಯ ಬಿಟ್ಟುಕೊಟ್ಟ. ಮೊದಲ ನೀಲಿ ಕಟ್ಟಡ ಎದ್ದಿತು. ಎರಡು ಸಾವಿರದ ಇಪ್ಪತ್ತೊಂದರಲ್ಲಿ ಹಳ್ಳಿಹಳ್ಳಿಯ ಪಂಚಾಯಿತಿಗೆ ಗಾಜಿನೆಳೆಯ ಇಂಟರ್‌ನೆಟ್ ಕೇಬಲ್ಲು ಹೋಗಲು ಶುರುವಾದಾಗ ಸುನಿತಾ ಅದಕ್ಕೂ ಕೈಹಾಕಿದಳು. ಕೂದಲಿಗಿಂತ ತೆಳುವಾದ ಗಾಜಿನ ಎಳೆ. ಅದರ ತುದಿಯನ್ನು ಒಡವೆಗೆ ಮೆರುಗು ಕೊಡುವ ಹಾಗೆ ಉಜ್ಜಿ ನುಣುಪು ಮಾಡಬೇಕು. ಒಂದು ಕಣ ಧೂಳು ಕೂತರೆ ಬೆಳಕು ದಾಟುವುದಿಲ್ಲ. ಅದಕ್ಕೆಂದೇ ಎರಡನೇ ಕಟ್ಟಡ, ಒಳಗೆ ಹೋಗಬೇಕಾದರೆ ಟೋಪಿ, ಬಿಳಿ ಅಂಗಿ. ಅರಕೆರೆಯ ಅನುಶ್ರೀ, ಡಿಪ್ಲೊಮಾ ಮಾಡಿದ ಹುಡುಗಿ, ಹೊಸಬರಿಗೆ ಕಲಿಸಲು ಬಂದಳು.

ಅಲ್ಲಿ ತೊಡಕಾದದ್ದು ಬಣ್ಣ. ಒಂದು ಕಟ್ಟಿನಲ್ಲಿ ಹನ್ನೆರಡು ಎಳೆ, ಹನ್ನೆರಡು ಬಣ್ಣ, ಅವು ಕೂರುವ ಕ್ರಮ ಒಂದೇ. ಒಂದು ಆಚೀಚೆಯಾದರೆ ಒಂದು ಊರಿನ ಸಂಪರ್ಕ ಇನ್ನೊಂದು ಊರಿಗೆ. ಅನುಶ್ರೀ ಇಂಗ್ಲಿಷಿನಲ್ಲಿದ್ದ ಪಟ್ಟಿಯನ್ನು ಗೋಡೆಗೆ ಅಂಟಿಸಿ ವಾರಗಟ್ಟಲೆ ಹೇಳಿಕೊಟ್ಟಳು. ಅರ್ಧ ಜನಕ್ಕೆ ಬಾಯಿಗೆ ಬರಲಿಲ್ಲ. ಮೂಗಮ್ಮ ಪಟ್ಟಿಯಲ್ಲಿನ ಬಣ್ಣಗಳನ್ನು ದಿಟ್ಟಿಸಿ ನೋಡಿ, "ಇದೇನ್ ಮಾ ಕಷ್ಟ, ನಮ್ ಮನೇಲಿರೋದೇ ಅಲ್ವಾ?" ಅಂದಳು. ಬೆರಳು ಮಡಿಸುತ್ತಾ ಶುರುಮಾಡಿದಳು:

"ಆಕಾಸ, ಕಿತ್ಲೆ, ಬತ್ತದ ಪೈರು, ಬೆಲ್ಲ, ಬೂದಿ, ಆಲು. ಕುಂಕುಮ, ಕಾಡ್ಗೆ, ಅರಿಸ್ನ, ಬದ್ನೆಕಾಯಿ, ಗುಲಾಬಿ, ನಾಲೆ ನೀರು."

ನೀಲಿಯಿಂದ ತಿಳಿಹಸಿರು ನೀಲಿಯವರೆಗೆ ಹನ್ನೆರಡೂ ಕ್ರಮ ತಪ್ಪದೆ ಕೂತಿದ್ದವು. ಮಾರನೇ ದಿನಕ್ಕೆ ಎಲ್ಲರ ಬಾಯಲ್ಲೂ ಅದೇ. ಅನುಶ್ರೀ ಇಂಗ್ಲಿಷ್ ಪಟ್ಟಿ ಕಿತ್ತು, ಚಿತ್ರ ಬರೆಸಿ ಹೊಸದು ಹಾಕಿದಳು. ಬೆಂಗಳೂರಿನಿಂದ ಕೊಳ್ಳುವ ಕಂಪನಿಯ ತಪಾಸಣೆಯವರು ಬಂದಾಗ ಕಾಡಿಗೆ ಡಬ್ಬಿ, ಬದನೆಕಾಯಿ ಚಿತ್ರ ನೋಡಿ ಹುಬ್ಬೇರಿಸಿದರು. ಆಮೇಲೆ ಇಪ್ಪತ್ತು ಜನರನ್ನು ಒಬ್ಬೊಬ್ಬರಾಗಿ ಕರೆದು ಕೇಳಿದರು. ಒಬ್ಬರೂ ತಪ್ಪಲಿಲ್ಲ. ಹೋಗುವ ಮುಂಚೆ ಆ ಪಟ್ಟಿಗೆ ಒಂದು ದಾಖಲೆ ನಂಬರು ಕೊಡಿಸಿ, ಅದನ್ನು ಬದಲಿಸಬಾರದು ಅಂತ ಬರೆದು ಹೋದರು. ಮೂಗಮ್ಮ ಈಗ ಗಾಜಿನೆಳೆ ವಿಭಾಗದ ಮೇಲ್ವಿಚಾರಕಿ.

ಕಳೆದ ವರ್ಷ ಮಾಕವಳ್ಳಿಯಿಂದ ಭೂಮಿಕ ಅನ್ನುವ ಹುಡುಗಿ ಹೊಸದಾಗಿ ಸೇರಿದಳು. ಮೊದಲ ವಾರವೇ ಸುನಿತಾಳನ್ನು ಕೇಳಿದಳು: "ಮೇಡಂ, ನಾವು ಮಾಡೋ ಈ ವೈರು ಕೊನೆಗೆ ಎಲ್ಲಿಗೋಗ್ತದೆ? ನೀವು ನೋಡಿದ್ದೀರಾ?"

ಸುನಿತಾ ನೋಡಿರಲಿಲ್ಲ. ಪೆಟ್ಟಿಗೆ ಮೈಸೂರಿಗೆ ಹೋಗುವುದು ಗೊತ್ತಿತ್ತು, ಅದರಾಚೆ ಇಲ್ಲ. ಮೋಹನ್ ಕುಮಾರ್‌ಗೆ ಫೋನು ಮಾಡಿ, ಮೈಸೂರಿನ ಒಂದು ಆಸ್ಪತ್ರೆಯ ಅನುಮತಿ ತೆಗೆಸಿದಳು. ಒಂದು ಶನಿವಾರ ಬಸ್ಸು ಮಾಡಿಸಿ ನಲವತ್ತು ಜನ ಹೊರಟರು. ಎಲ್ಲರೂ ಒಳ್ಳೆಯ ಸೀರೆ ಉಟ್ಟಿದ್ದರು.

ವಾರ್ಡಿನೊಳಗೆ ಐದೈದು ಜನರನ್ನು ಮಾತ್ರ ಬಿಟ್ಟರು. ಸುನಿತಾ, ಮೂಗಮ್ಮ, ಭೂಮಿಕ ಮೊದಲ ಗುಂಪಿನಲ್ಲಿ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ವಯಸ್ಸಾದ ರೈತನೊಬ್ಬ ಮಲಗಿದ್ದ. ಎದೆಯ ಮೇಲೆ ಮೂರು ವೈರು, ತಲೆ ಪಕ್ಕದಲ್ಲಿ ಮಾನಿಟರು, ಹಸಿರು ಗೆರೆ ಏಳುತ್ತಾ ಬೀಳುತ್ತಾ ಓಡುತ್ತಿತ್ತು. ವೈರಿನ ಬುಡದಲ್ಲಿ ಸಣ್ಣ ಅಕ್ಷರದ ಗುರುತು. ಮೂಗಮ್ಮ ಬಗ್ಗಿ ನೋಡಿ ಆ ಗುರುತನ್ನು ಹಿಡಿದಳು. ಓದಲು ಬಾರದಿದ್ದರೂ ಆಕಾರ ಗೊತ್ತು.

"ನಮ್ದೇ" ಅಂದಳು ಮೆಲ್ಲಗೆ.

ಮಂಚದ ಪಕ್ಕ ಕೂತಿದ್ದ ಅವನ ಹೆಂಡತಿ ಪುಟ್ಟಲಕ್ಷ್ಮಮ್ಮ ಗಾಬರಿಯಾಗಿ, "ಏನವ್ವ, ಏನಾಯ್ತು?" ಅಂದಳು.

"ಏನೂ ಆಗಿಲ್ಲ ಕಣಕ್ಕ. ಈ ವೈರು ಮಾಡಿದ್ದು ನಾವು. ಪಾಂಡವಪುರದ ತಾವ ನಮ್ ಫ್ಯಾಕ್ಟ್ರಿ."

ಪುಟ್ಟಲಕ್ಷ್ಮಮ್ಮ ಮೂಗಮ್ಮನ ಕೈಯನ್ನು ತಿರುವಿ ಅಂಗೈ ನೋಡಿದಳು. "ಈ ಕೈಲಾ?" ಅಂದಳು. ಹುಲ್ಲು ಕೊಯ್ದು ಗೆರೆಗೆರೆಯಾದ ಅಂಗೈ. "ಎರಡು ದಿನದಿಂದ ಆ ಗೆರೆನೇ ನೋಡ್ಕೊಂಡು ಕೂತಿವ್ನಿ ಕಣವ್ವ. ಅದು ಓಡ್ತಿದ್ರೆ ನಂಗೆ ಜೀವ."

ಭೂಮಿಕ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಸುನಿತಾ ಆ ಗೆರೆಯನ್ನು ನೋಡುತ್ತಾ ನಿಂತಳು. ಎರಡು ಕಡೆಯೂ ಸಮನಾಗಿ ಕಾದ, ಸರಿಯಾಗಿ ಓಡಿದ ಬೆಸುಗೆ ಆ ಪ್ಲಾಸ್ಟಿಕ್ಕಿನೊಳಗೆ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ಬೇರೆ ಯಾರಿಗೂ ಕಾಣುವುದಿಲ್ಲ. ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

ಅಷ್ಟರಲ್ಲಿ ನರ್ಸು ಬಂದಳು. ಇವರು ಯಾರೆಂದು ತಿಳಿದ ಕೂಡಲೇ, "ನೀವಾ ಇದನ್ನ ಮಾಡೋರು? ಸಿಕ್ಕಿದ್ರಲ್ಲ. ಗಟ್ಟಿ ಇದೆ, ಕೆಡಲ್ಲ, ಅದೆಲ್ಲ ಸರಿ. ಆದರೆ ಗಿಡ್ಡ. ರೋಗೀನ ಮಗ್ಗುಲು ಹೊರಳಿಸಿದ್ರೆ ಎಳೀತದೆ, ಅಲಾರಂ ಹೊಡ್ಕೊಳ್ತದೆ. ಮನೆಯವರು ಹೆದರ್ಕೊಂಡು ಓಡಿ ಬರ್ತಾರೆ" ಅಂದಳು.

"ಹೊರಳಿಸಿ ತೋರಿಸ್ತೀರಾ?" ಅಂದಳು ಸುನಿತಾ.

ನರ್ಸು ಪಕ್ಕದ ಖಾಲಿ ಹಾಸಿಗೆಯ ಮೇಲೆ ಭೂಮಿಕಳನ್ನೇ ಮಲಗಿಸಿ ಹೊರಳಿಸಿದಳು. ಸುನಿತಾ ಮಾನಿಟರಿನಿಂದ ಹೆಗಲವರೆಗೆ, ಹೆಗಲಿನಿಂದ ಮಗ್ಗುಲವರೆಗೆ ಗೇಣು ಹಾಕಿ ಅಳೆದಳು. ಎರಡು ಗೇಣು ಕಡಿಮೆ ಇತ್ತು. ಇಷ್ಟು ವರ್ಷ ನಕ್ಷೆಯಲ್ಲಿದ್ದ ಉದ್ದವನ್ನು ಯಾರೂ ಹಾಸಿಗೆಯ ಪಕ್ಕ ನಿಂತು ನೋಡಿರಲಿಲ್ಲ, ಅವಳೂ ಸೇರಿ.

ವಾಪಸು ಬರುವಾಗ ಬಸ್ಸಿನಲ್ಲಿ ಗದ್ದಲವೋ ಗದ್ದಲ. ಒಳಗೆ ಹೋಗಿ ಬಂದವರು ಹೋಗದವರಿಗೆ, ಹೋಗದವರು ಮನೆಗೆ ಫೋನು ಮಾಡಿ, ಎಲ್ಲ ಕಡೆಗೂ ಅದೇ ಕಥೆ. ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಂದಾಗ ಸುನಿತಾ ಮೋಹನ್ ಕುಮಾರ್‌ಗೆ ಫೋನು ಮಾಡಿದಳು. "ನಕ್ಷೆ ಬದಲಾಗ್ಬೇಕು ಸರ್. ಒಂದೂವರೆ ಅಡಿ ಹೆಚ್ಚಿಗೆ. ನಾನು ಅಳೆದು ಬಂದಿದ್ದೀನಿ." ಆ ಕಡೆಯಿಂದ ಏನೋ ಕೇಳಿದರು. "ನರ್ಸ್ ಹೇಳಿದ್ದು ಸರ್. ದಿನಾ ಹಿಡಿಯೋರು ಅವ್ರೇ ಅಲ್ವಾ" ಅಂದಳು. ಮಾದರಿಗೆ ಮೊದಲು ಇಪ್ಪತ್ತು ಮಾಡಿ ಕಳಿಸಿ ಅಂದರು ಅವರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಕತ್ತರಿಸುವ ಮೆಷಿನ್ನಿನ ಅಳತೆ ಬದಲಾಗಿತ್ತು. ಉದ್ದದ ಕೇಬಲ್ಲಿನ ಮೊದಲ ಇಪ್ಪತ್ತನ್ನು ಭೂಮಿಕಳ ಕೈಗೇ ಕೊಟ್ಟರು. ಹನ್ನೊಂದು ಗಂಟೆಗೆ ಅವಳು ತಟ್ಟೆ ತುಂಬಾ ತಂದಿಟ್ಟಳು. ಸುನಿತಾ ಒಂದೊಂದನ್ನೂ ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದಳು. ಹದಿನೆಂಟು ಚೆನ್ನಾಗಿದ್ದವು. ಬೆಸುಗೆ ಸರಿಯಾಗಿ ಓಡದ ಎರಡನ್ನು ಪಕ್ಕಕ್ಕಿಟ್ಟು, "ಬಾ, ಕೂತ್ಕೊ" ಅಂತ ಬೆಂಚಿನ ಮೇಲೆ ಜಾಗ ಬಿಟ್ಟಳು.